ಹಳೆ ಹಾಯಿದೋಣಿಗೆ ಫೈಬರ್, ಎಂಜಿನ್: ಮೊದಲು ನೋಡಬೇಕಾದ್ದೇನು?

ಕರಾವಳಿಯ ಹಳೆ ಮರದ ಹಾಯಿದೋಣಿಗಳಲ್ಲಿ ಹಲವಕ್ಕೆ ಈಗ ಹಾಯಿಯಿಲ್ಲ, ಔಟ್‌ಬೋರ್ಡ್ ಎಂಜಿನ್ ಇದೆ. ಹೊಸ ದೋಣಿಗೆ ದುಡ್ಡು ಹೊಂದಿಸಲಾಗದವರು ಹಳೆಯದಕ್ಕೇ ಫೈಬರ್ ಹೊದಿಕೆ ಹಾಕಿಸುತ್ತಾರೆ. ಮರ ಹಸಿಯಿದ್ದರೆ ಆ ಖರ್ಚು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಫೈಬರ್ ಹೊರಗಿನ ನೀರನ್ನು ತಡೆಯುತ್ತದೆ, ಒಳಗಿನ ತೇವವನ್ನೂ ಹೊರಬಿಡುವುದಿಲ್ಲ. ಮೇಲೆ ಹೊಳಪು ಹಾಗೇ ಇರುತ್ತದೆ, ಅಡಿಯಲ್ಲಿ ಹಲಗೆ ಕೊಳೆಯುತ್ತಾ ಹೋಗುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಕುಡಿದ ಮರಕ್ಕೆ ರೆಸಿನ್ ಸರಿಯಾಗಿ ಹಿಡಿಯೋದೂ ಇಲ್ಲ. ಮೊದಲು ಉಜ್ಜಿ ತೆಗೆಯಲೇಬೇಕು. ಹಲಗೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಮರದ ಸದ್ದೇ ಬೇರೆ, ಟೊಳ್ಳಾದದ್ದು ಮಂಕಾಗಿ ಕೇಳುತ್ತದೆ. ಮರ ಕೊರೆಯುವ ಹುಳು ಹೊರಗೆ ಸೂಜಿಮೊನೆಯಷ್ಟು ತೂತು ಬಿಟ್ಟು ಒಳಗೆಲ್ಲ ಸುರಂಗ ಮಾಡಿರುತ್ತದೆ. ತುಕ್ಕು ಹಿಡಿದ ಕಬ್ಬಿಣದ ಮೊಳೆಯ ಸುತ್ತ ಚೂರಿ ಸಲೀಸಾಗಿ ಇಳಿದರೆ ಆ ಹಲಗೆ ಬದಲಿಸಬೇಕು.

ಮಳೆಗಾಲದಲ್ಲಿ ಕೈ ಖಾಲಿ ಅಂತ ಕೆಲವರು ಆಗಲೇ ಈ ಕೆಲಸಕ್ಕೆ ಇಳಿಯುವುದುಂಟು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಅವಧಿ ಎಂಜಿನ್ ಬಿಚ್ಚಿ ನೋಡಲು ಸರಿ. ಫೈಬರ್‌ಗೆ ಬೇಸಿಗೆಯೇ ಆಗಬೇಕು. ಅದೂ ನೆರಳಲ್ಲಿ ಒಣಗಿಸಬೇಕು, ಬಿರುಬಿಸಿಲಿಗೆ ಹಲಗೆ ಸೀಳುತ್ತದೆ.

ಹಾಯಿಯ ಎಳೆತ ಬೀಳುತ್ತಿದ್ದದ್ದು ಕಂಬದ ಬುಡಕ್ಕೆ. ಎಂಜಿನ್‌ನ ಭಾರ, ನೂಕು, ನಡುಕ ಬೀಳುವುದು ಅದನ್ನು ಕೂರಿಸಿದ ಒಂದೇ ಜಾಗಕ್ಕೆ. ಅಲ್ಲಿ ಒಳಗಿನಿಂದ ದಪ್ಪ ಹಲಗೆ ಕೊಟ್ಟು, ಮೊಳೆಯ ಬದಲು ಆರುಪಾರು ಬೋಲ್ಟ್ ಹಾಕಿಸಿ, ತೂತಿನ ಒಳಮೈಗೂ ರೆಸಿನ್ ಬಳಿಸಬೇಕು. ಇಲ್ಲದಿದ್ದರೆ ನೀರು ಮೊದಲು ಒಳಹೊಕ್ಕುವುದು ಅಲ್ಲಿಂದಲೇ.