ಬೆಳಕು ಮೊದಲು ಬಂತು, ಭದ್ರತೆ ಆಮೇಲೆ

ಕಾರಿಲ್ಲದ ಕಾರ್ ಷೆಡ್ಡುಗಳು ನಮ್ಮ ಊರುಗಳಲ್ಲಿ ಬಹಳ. ಅಲ್ಲಿ ಒಂದು ಗಟ್ಟಿ ಮೇಜು, ಅದಕ್ಕೆ ಬಿಗಿದ ವೈಸ್, ಒಂದು ಡ್ರಿಲ್, ಮೂಲೆಯಲ್ಲೊಂದು ಗ್ರೈಂಡರ್ ಬಂದು ಕುಳಿತರೆ ಅದೇ ಮನೆಯ ಕಾರ್ಯಾಗಾರ. ಅಂಥದೊಂದು ಷೆಡ್ಡಿನಲ್ಲಿ ಚಿತ್ರೀಕರಣ ಮಾಡಲೆಂದು ನಾವು ಮೈಸೂರಿನ ಹಳೆಯ ಬಡಾವಣೆಯೊಂದಕ್ಕೆ ಹೋಗಿದ್ದೆವು. ಕಾಲೇಜಿನಲ್ಲಿ ಓದುತ್ತಿದ್ದ ಮನೆಯ ಹುಡುಗ ತಾನೇ ಎಲ್‌ಇಡಿ ಪಟ್ಟಿಗಳನ್ನು ಜೋಡಿಸಿದ್ದ. ಷೆಡ್ಡು ಹಗಲಿನಂತೆ ಬೆಳಗುತ್ತಿತ್ತು.

ನಮ್ಮ ಲೈಟ್‌ಮನ್ ತಮ್ಮ ದೀಪದ ಪ್ಲಗ್ ಸಿಕ್ಕಿಸುವ ಮೊದಲು, ವಾಡಿಕೆಯಂತೆ, ಸಾಕೆಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದರು. ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ದೀಪ ಹೊತ್ತಿತು. ಫೇಸ್‌ಗೂ ಅರ್ಥ್‌ಗೂ ನಡುವೆ ಹೊತ್ತಲಿಲ್ಲ. ಮೇನ್ ಸ್ವಿಚ್ ಆರಿಸಿ ಸಾಕೆಟ್ ಬಿಚ್ಚಿದಾಗ ಮೂರನೆಯ ತೂತಿನ ಹಿಂದೆ ತಂತಿಯೇ ಇರಲಿಲ್ಲ. “ಸಾರ್, ಇದು ಬರೀ ತೂತು” ಎಂದರು. ಗ್ರೈಂಡರಿನ ಕಬ್ಬಿಣದ ಮೈ ಮಳೆಗಾಲದಲ್ಲಿ ಆಗಾಗ ಜುಮ್ಮೆನ್ನುತ್ತಿತ್ತು ಎಂದು ಹುಡುಗ ಆಗ ನೆನಪಿಸಿಕೊಂಡ.

ಆ ಷೆಡ್ಡಿನಲ್ಲಿ ಬೆಳಕು ಬಂದಿತ್ತು, ಭದ್ರತೆ ಬಂದಿರಲಿಲ್ಲ. ಇದು ಆ ಹುಡುಗನೊಬ್ಬನ ತಪ್ಪಲ್ಲ. ಮನೆಗಳಿಗೆ ವಿದ್ಯುತ್ತು ಬಂದ ಚರಿತ್ರೆಯೇ ಈ ಕ್ರಮದಲ್ಲಿ ನಡೆದಿದೆ.

ಇಂಗ್ಲೆಂಡಿನ ಕ್ರಾಗ್‌ಸೈಡ್ ಎಂಬ ಮನೆಯಲ್ಲಿ ವಿಲಿಯಂ ಆರ್ಮ್‌ಸ್ಟ್ರಾಂಗ್ 1880ರಲ್ಲಿ ಜೋಸೆಫ್ ಸ್ವಾನ್ ಅವರ ದೀಪಗಳನ್ನು ಹಾಕಿಸಿದರು. ವಿದ್ಯುತ್ತು ಬರುತ್ತಿದ್ದುದು ಮನೆಯ ತೋಟದಲ್ಲೇ ಹರಿಯುವ ನೀರಿನ ಬಲದಿಂದ. ಗ್ರಂಥಾಲಯದಲ್ಲಿ ದೀಪಗಳನ್ನು ಹೊತ್ತಿದ್ದವು ಎನಾಮೆಲ್ ಬಳಿದ ತಾಮ್ರದ ಹೂದಾನಿಗಳು. ಆ ಹೂದಾನಿಯ ಮೈಯೇ ಒಂದು ತಂತಿಯ ಕೆಲಸ ಮಾಡುತ್ತಿತ್ತು! ಇಂದು ಯಾವ ವೈರ್‌ಮನ್ನೂ ಇದನ್ನು ಒಪ್ಪುವುದಿಲ್ಲ. ಆಗ ಎಲ್ಲರಿಗೂ ಬೇಕಾಗಿದ್ದುದು ಬೆಳಕು.

ಮೊದಲು ಕಾಡಿದ ಭಯ ಬೆಂಕಿಯದು. ಲಂಡನ್ನಿನ ವಿದ್ಯುತ್ ಎಂಜಿನಿಯರುಗಳ ಸಂಘ 1882ರಲ್ಲಿ ವೈರಿಂಗ್ ನಿಯಮಗಳನ್ನು ಮೊದಲ ಬಾರಿಗೆ ಪ್ರಕಟಿಸಿತು. ಅವುಗಳ ಶೀರ್ಷಿಕೆಯಲ್ಲೇ ಇದ್ದ ಮಾತು ವಿದ್ಯುದ್ದೀಪಗಳಿಂದ ಉಂಟಾಗುವ ಬೆಂಕಿಯ ಅಪಾಯವನ್ನು ತಡೆಯುವುದು. ಅದೇ ವರ್ಷ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಿಂದ ಮನೆ, ಕಚೇರಿಗಳಿಗೆ ವಿದ್ಯುತ್ತು ಹರಿಸಿದರು. ಪ್ರವಾಹ ಮಿತಿ ಮೀರಿದರೆ ತಾನು ಕರಗಿ ಮಂಡಲವನ್ನು ತುಂಡರಿಸುವ ತಂತಿಗೆ ಅವರು 1880ರಲ್ಲೇ ಪೇಟೆಂಟ್ ಪಡೆದಿದ್ದರು. ಅದೇ ನಮ್ಮ ಫ್ಯೂಸ್. ಕರಗದೆ ಕೆಳಗೆ ಬೀಳುವ, ಮತ್ತೆ ಮೇಲೆತ್ತಬಹುದಾದ ಎಂಸಿಬಿಗೆ ಜರ್ಮನಿಯ ಹ್ಯೂಗೋ ಸ್ಟಾಟ್ಸ್ ಕಂಪನಿ 1924ರಲ್ಲಿ ಪೇಟೆಂಟ್ ಪಡೆಯಿತು. ಇವೆರಡೂ ಕಾಯುವುದು ಮುಖ್ಯವಾಗಿ ತಂತಿಯನ್ನು, ಅದರ ಮೂಲಕ ಮನೆಯನ್ನು.

ನಮ್ಮ ನಾಡಿಗೆ ಬಂದರೆ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿದ್ದು 1905ರಲ್ಲಿ. ಕ್ರಮೇಣ ಮನೆಗಳೊಳಗೂ ಬೆಳಕು ಬಂದಾಗ ತಂತಿಗಳು ಮರದ ಪಟ್ಟಿಗಳ ಮೇಲೆ ಕ್ಲಿಪ್ಪುಗಳ ಬಿಗಿತದಲ್ಲಿ ಓಡಿದವು. ಕರಿಯ ಬೇಕಲೈಟ್ ಸ್ವಿಚ್, ಪಿಂಗಾಣಿಯ ಫ್ಯೂಸ್ ಹಳೆಯ ಮನೆಗಳಲ್ಲಿ ಈಗಲೂ ಕಾಣಸಿಗುತ್ತವೆ. ದೀಪ ಸೂರಿನಲ್ಲಿ ಕೈಗೆಟುಕದಂತೆ ತೂಗುತ್ತಿದ್ದಾಗ ಎರಡೇ ತಂತಿ ಸಾಕೆನಿಸುತ್ತಿತ್ತು. ಇಸ್ತ್ರಿಪೆಟ್ಟಿಗೆ, ಹೀಟರ್, ಡ್ರಿಲ್ ಬಂದ ಮೇಲೆ ಹಾಗಲ್ಲ. ಈಗ ಲೋಹದ ಮೈಯ ಉಪಕರಣಗಳು ಮನುಷ್ಯನ ಕೈಗೇ ಬಂದವು.

ಮೂರನೆಯ ಪಿನ್ನಿನ ಅಗತ್ಯ ಇಲ್ಲಿದೆ. ನಮ್ಮ ದುಂಡು ಪಿನ್ನಿನ ಪ್ಲಗ್ಗುಗಳಿಗೆ ಮೂಲವಾದದ್ದು 1934ರ ಬ್ರಿಟಿಷ್ ಮಾನಕ. ಅದರ ಅರ್ಥ್ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ. ಉದ್ದವಿರುವುದರಿಂದ ಅದು ಮೊದಲು ತಾಗುತ್ತದೆ. ದಪ್ಪವಿರುವುದರಿಂದ ಬೇರೆ ತೂತಿಗೆ ಹೋಗುವುದಿಲ್ಲ. ಒಳಗಿನ ತಂತಿಯ ಹೊದಿಕೆ ಸವೆದು ಉಪಕರಣದ ಮೈಗೆ ವಿದ್ಯುತ್ತು ಸೋರಿದರೆ ಅರ್ಥ್ ತಂತಿ ಅದನ್ನು ನೆಲಕ್ಕೆ ಕೊಂಡೊಯ್ಯುತ್ತದೆ.

ಆದರೂ ಒಂದು ತೊಡಕು ಉಳಿಯಿತು. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ಗುಂಡಿಯ ರೋಧ 46 ಓಮ್‌ಗೆ ಏರಿತೆನ್ನಿ. 230 ವೋಲ್ಟ್‌ಗೆ ಹರಿಯುವ ಪ್ರವಾಹ 5 ಆಂಪಿಯರ್ ಮಾತ್ರ. 15 ಆಂಪಿಯರಿನ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಇನ್ನು ಒದ್ದೆ ಕೈಯವನ ದೇಹದ ರೋಧ ಸುಮಾರು 1000 ಓಮ್ ಎಂದುಕೊಂಡರೆ ಅವನ ಮೂಲಕ ಹರಿಯುವುದು 0.23 ಆಂಪಿಯರ್. ಪ್ರಾಣ ತೆಗೆಯಲು ಅಷ್ಟು ಸಾಕು, ಫ್ಯೂಸ್ ಕರಗಲು ಸಾಲದು. ಹಿಡಿದ ತಂತಿಯನ್ನು ಮನುಷ್ಯ ತಾನಾಗಿ ಎಷ್ಟು ಪ್ರವಾಹದವರೆಗೆ ಬಿಡಬಲ್ಲ ಎಂದು ಅಮೆರಿಕದ ಚಾರ್ಲ್ಸ್ ಡಾಲ್ಜಿಯಲ್ ಅಳೆದಾಗ ಗಂಡಸರಲ್ಲಿ ಅದು ಸರಾಸರಿ 16 ಮಿಲಿ ಆಂಪಿಯರ್ ಮಾತ್ರವೆಂದು ತಿಳಿಯಿತು.

ಕೈಯನ್ನು ಕಾಯುವ ಸಾಧನ ರೂಪುಗೊಂಡ ಜಾಗಗಳಲ್ಲಿ ಒಂದು, ಕುತೂಹಲವೆಂಬಂತೆ, ಚಿನ್ನದ ಗಣಿ. ದಕ್ಷಿಣ ಆಫ್ರಿಕಾದ ಹೆನ್ರಿ ರೂಬಿನ್ 1955ರಲ್ಲಿ ಗಣಿಗಾಗಿ ಒಂದು ಸೋರಿಕೆ ರಕ್ಷಕವನ್ನು ನಿರ್ಮಿಸಿದರು. ಬಳಿಕ ಇನ್ನೂ ಸೂಕ್ಷ್ಮವಾದದ್ದನ್ನು ಮಾಡಿದರು. ಮನೆಯೊಂದರಲ್ಲಿ ಮಹಿಳೆಯೊಬ್ಬರು ವಿದ್ಯುದಾಘಾತದಿಂದ ತೀರಿಕೊಂಡ ಮೇಲೆ, 1957–58ರಲ್ಲಿ, ಅಲ್ಲಿನ ಗಣಿಕಾರ್ಮಿಕರ ಊರೊಂದರ ನೂರಾರು ಮನೆಗಳಿಗೆ ಅದನ್ನು ಅಳವಡಿಸಲಾಯಿತು. ಇಂದಿನ ಆರ್‌ಸಿಸಿಬಿ ಅದೇ ಕುಲದ್ದು. ಫೇಸ್ ಮತ್ತು ನ್ಯೂಟ್ರಲ್ ಎರಡೂ ಒಂದೇ ಉಂಗುರದೊಳಗೆ ಹಾಯುತ್ತವೆ. ಹೋದಷ್ಟೇ ಪ್ರವಾಹ ಮರಳಿದರೆ ಅವುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ. ದಾರಿಯಲ್ಲಿ 30 ಮಿಲಿ ಆಂಪಿಯರ್ ಸೋರಿದರೂ ಲೆಕ್ಕ ತಪ್ಪಿ, ಕಣ್ಣು ಮಿಟುಕಿಸುವಷ್ಟರಲ್ಲಿ ಸ್ವಿಚ್ ಬೀಳುತ್ತದೆ. ಆದರೆ ಒಂದು ಕೈ ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ ತಾಗಿ, ನೆಲಕ್ಕೆ ಸೋರಿಕೆಯಾಗದಿದ್ದರೆ ಇದು ಕಾಯಲಾರದು ಎಂಬುದನ್ನು ಮರೆಯಬಾರದು.

ಬೆಳಕಿಗೂ ತನ್ನದೇ ಅಪಾಯದ ಚರಿತ್ರೆಯಿದೆ. 1938ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟ್ಯೂಬ್‌ಲೈಟ್ ಕಾರ್ಖಾನೆಗಳಿಗೆ ಕಡಿಮೆ ಖರ್ಚಿನ ಬೆಳಕು ಕೊಟ್ಟಿತು. ಆದರೆ ನಮ್ಮ 50 ಆವರ್ತನದ ವಿದ್ಯುತ್ತಿನಲ್ಲಿ ಚೋಕ್ ಇರುವ ಟ್ಯೂಬ್ ಸೆಕೆಂಡಿಗೆ 100 ಬಾರಿ ಮಂಕಾಗುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಗಾಲಿ ಒಂದು ಮಿನುಗಿನಿಂದ ಇನ್ನೊಂದಕ್ಕೆ ಸರಿಯಾಗಿ ಅರ್ಧ ಸುತ್ತು ಹಾಕಿರುತ್ತದೆ. ಎರಡು ಅರ್ಧಗಳೂ ಒಂದೇ ರೀತಿ ಇದ್ದರೆ ಗಾಲಿ ನಿಂತಂತೆಯೇ ಕಾಣಬಹುದು! ನಿಂತಿದೆಯೆಂದು ಕೈಯಿಟ್ಟರೆ ಗತಿಯೇನು? ಕಾರ್ಖಾನೆಗಳಲ್ಲಿ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸ್‌ಗೆ ಜೋಡಿಸುವುದು ಇದಕ್ಕಾಗಿಯೇ. 1993ರಲ್ಲಿ ಶುಜಿ ನಕಮುರಾ ಪ್ರಖರವಾದ ನೀಲಿ ಎಲ್‌ಇಡಿಯನ್ನು ತೋರಿಸಿಕೊಟ್ಟರು. ಅಕಾಸಾಕಿ ಮತ್ತು ಅಮಾನೊ ಅವರ ಜೊತೆಗೆ 2014ರ ನೊಬೆಲ್ ಪ್ರಶಸ್ತಿಯನ್ನೂ ಪಡೆದರು. ಇಂದಿನ ಬಿಳಿ ಎಲ್‌ಇಡಿಗೆ ಅದೇ ಬುನಾದಿ. ಆದರೆ ಒಳಗಿನ ಡ್ರೈವರ್ ಕಳಪೆಯಾಗಿದ್ದರೆ ಎಲ್‌ಇಡಿಯೂ ಹಾಗೆಯೇ ಮಿನುಗುತ್ತದೆ. ನಮ್ಮ ಕ್ಯಾಮೆರಾದ ಪರದೆಯ ಮೇಲೆ ಓಡಾಡುವ ಕರಿ ಪಟ್ಟಿಗಳು ಇದನ್ನು ತಕ್ಷಣ ತೋರಿಸಿಕೊಡುತ್ತವೆ.

ಮೊದಲು ದೀಪ, ಆಮೇಲೆ ಫ್ಯೂಸ್, ಅರ್ಥಿಂಗ್, ಕೊನೆಗೆ ಸೋರಿಕೆ ರಕ್ಷಕ: ಚರಿತ್ರೆ ನಡೆದ ದಾರಿ ಇದು. ಒಂದೊಂದು ಹೆಜ್ಜೆಗೂ ಯಾರದೋ ಮನೆ, ಯಾರದೋ ಪ್ರಾಣ ಬೆಲೆಯಾಗಿ ಹೋಗಿದೆ. ನಮ್ಮ ಷೆಡ್ಡಿನಲ್ಲಿ ಆ ಕ್ರಮವನ್ನೇ ಅನುಸರಿಸಬೇಕಾಗಿಲ್ಲ, ಹಿಂದುಮುಂದಾಗಿ ನಡೆಯಬಹುದು. ಮೊದಲು ಸೋರಿಕೆ ರಕ್ಷಕ ಮತ್ತು ಅರ್ಥಿಂಗ್, ಬಳಿಕ ತಂತಿಯ ಗಾತ್ರಕ್ಕೆ ತಕ್ಕ ಎಂಸಿಬಿ, ಕೊನೆಗೆ ದೀಪ. ದೀಪ ಎಲ್ಲಿರಬೇಕು, ನೆರಳು ಎಲ್ಲಿ ಬೀಳುತ್ತದೆ, ಯಾವ ಯಂತ್ರಕ್ಕೆ ಎಷ್ಟು ಆಂಪಿಯರ್ ಎಂಬ ಲೆಕ್ಕ, ನಕ್ಷೆ ನಿಮ್ಮದಾಗಲಿ. ದೀಪ, ಫ್ಯೂಸ್ ಬದಲಿಸುವಂಥ ಸಣ್ಣ ಕೆಲಸಗಳನ್ನು ಬಿಟ್ಟು, ಹೊಸ ವೈರಿಂಗನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂಬುದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲೇ ಇದ್ದ ಮಾತು. ಅದನ್ನು ಪಾಲಿಸುವುದು ಜಾಣತನಕ್ಕೆ ಕುಂದಲ್ಲ.

ಅಂದು ನಾವು ಷೆಡ್ಡಿನ ವಿದ್ಯುತ್ತು ಬಳಸಲಿಲ್ಲ; ಅಂಗಳದ ಹಗಲು ಬೆಳಕಿನಲ್ಲಿ ಚಿತ್ರೀಕರಣ ಮುಗಿಸಿದೆವು. ಹುಡುಗನ ತಂದೆ ಮರುದಿನವೇ ವೈರ್‌ಮನ್ ಅವರನ್ನು ಕರೆಸಿದರು. ನೀವೂ ಇವತ್ತು ನಿಮ್ಮ ಮನೆಯ ಮೀಟರ್ ಬೋರ್ಡಿನ ಮುಂದೆ ಹಿರಿಯರೊಂದಿಗೆ ಒಂದು ನಿಮಿಷ ನಿಲ್ಲಿ. ‘ಟಿ’ ಎಂಬ ಗುರುತಿನ ಪುಟ್ಟ ಗುಂಡಿಯಿದ್ದರೆ ಅವರಿಂದ ಒತ್ತಿಸಿ ನೋಡಿ. ಸ್ವಿಚ್ ಬಿದ್ದರೆ ರಕ್ಷಕ ಎಚ್ಚರವಾಗಿದೆ. ಬೀಳದಿದ್ದರೆ, ಅಥವಾ ಗುಂಡಿಯೇ ಇಲ್ಲದಿದ್ದರೆ, ಹೊಸ ದೀಪ ತರುವ ಮೊದಲು ಆ ಕೆಲಸ ಆಗಲಿ.