ಪಾಠಾಂತರಗಳ ರಕ್ಷಣೆ: ಪುಣೆಯ ಮಹಾಭಾರತವೂ ಗಣಕದ ಕಡತವೂ

1919ನೆಯ ಇಸವಿಯ ಏಪ್ರಿಲ್ 1ರಂದು ಪುಣೆಯಲ್ಲಿ ಸರ್ ರಾಮಕೃಷ್ಣ ಗೋಪಾಲ ಭಾಂಡಾರಕರರು ಪಾಠಗಳನ್ನು ತಾಳೆನೋಡಲೆಂದು ಸಿದ್ಧಪಡಿಸಿದ್ದ ಒಂದು ಹಾಳೆಯ ಮೇಲೆ ಮಹಾಭಾರತದ ಮಂಗಳಶ್ಲೋಕವನ್ನು ಸ್ವಹಸ್ತದಿಂದ ಬರೆದರು. ಅವರ ಹೆಸರನ್ನೇ ಹೊತ್ತು 1917ರಲ್ಲಿ ಸ್ಥಾಪಿತವಾಗಿದ್ದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ಅಂದು ಕೈಗೊಂಡ ಕಾರ್ಯವು ಮುಗಿದುದು 1966ರ ಸೆಪ್ಟೆಂಬರ್ 22ರಂದು. ಆರಂಭಿಸಿದವರಲ್ಲಿ ಬಹುಮಂದಿ ಆ ವೇಳೆಗೆ ಕಾಲವಶರಾಗಿದ್ದರು. ಮಂಗಳಶ್ಲೋಕವನ್ನು ಬರೆದ ಭಾಂಡಾರಕರರು 1925ರಲ್ಲಿಯೂ, ಕಾರ್ಯಕ್ಕೆ ನಿಜವಾದ ಶಾಸ್ತ್ರರೂಪವನ್ನು ಕೊಟ್ಟ ಡಾ. ವಿಷ್ಣು ಸೀತಾರಾಮ ಸುಕ್ಥಣಕರರು 1943ರ ಜನವರಿ 21ರಂದೂ ತೀರಿಕೊಂಡರು. ಉಳಿದದ್ದು ಹಾಳೆಗಳು.

ಈ ಹಾಳೆಗಳ ಸ್ವರೂಪವನ್ನು ಗಮನಿಸುವುದು ಅವಶ್ಯಕ. ಶ್ಲೋಕದ ಒಂದೊಂದು ಅಕ್ಷರವನ್ನೂ ಒಂದೊಂದು ಮನೆಯಲ್ಲಿ ಬರೆದು, ಅದರ ಕೆಳಗೆ ಬೇರೆ ಬೇರೆ ಹಸ್ತಪ್ರತಿಗಳಲ್ಲಿ ಆ ಸ್ಥಾನದಲ್ಲಿ ಕಂಡುಬರುವ ವ್ಯತ್ಯಾಸವನ್ನು ಮಾತ್ರ ಗುರುತಿಸುವುದು ಅಲ್ಲಿಯ ಕ್ರಮ. ಪಾಠವು ಒಂದೇ ಆಗಿದ್ದಲ್ಲಿ ಮನೆ ಬರಿದಾಗಿರುತ್ತಿತ್ತು. ಶಾರದಾ, ನೇಪಾಳಿ, ಮೈಥಿಲೀ, ವಂಗ, ದೇವನಾಗರಿ, ತೆಲುಗು, ಗ್ರಂಥ, ಮಲಯಾಳ ಮೊದಲಾದ ಲಿಪಿಗಳನ್ನು ಬಲ್ಲ ಶಾಸ್ತ್ರಿಗಳು ಇದಕ್ಕಾಗಿಯೇ ನಿಯುಕ್ತರಾಗಿದ್ದರು. ಪ್ರತಿಯೊಂದು ಶ್ಲೋಕವನ್ನೂ ಕಡಮೆಯೆಂದರೆ ಹತ್ತು ಪ್ರತಿಗಳೊಡನೆ ಹೋಲಿಸಬೇಕೆಂಬುದು ನಿಯಮವಾಗಿದ್ದಿತು. ಆದಿಪರ್ವದ ಮೊದಲ ಎರಡು ಅಧ್ಯಾಯಗಳಿಗೆ ಅರವತ್ತು ಪ್ರತಿಗಳು ಬಳಕೆಯಾದವು. ಇಡೀ ಗ್ರಂಥಕ್ಕಾಗಿ ಪರಿಶೀಲಿತವಾದ ಹಸ್ತಪ್ರತಿಗಳ ಸಂಖ್ಯೆ 1,259.

ಇಷ್ಟು ಶ್ರಮವೇಕೆ? ಓಲೆಗರಿಯ ಕಾಲದ ಲಿಪಿಕಾರನು ಹಳೆಯದನ್ನು ನೋಡಿ ಹೊಸದನ್ನು ಬರೆಯುತ್ತಿದ್ದನು. ಹೊಸದು ಸಿದ್ಧವಾದ ಬಳಿಕ ಹಳೆಯದು ಹೊಳೆಗೋ ಹುಳುವಿಗೋ ಹೋಗುತ್ತಿತ್ತು. ಬರೆಯುವಾಗ ಅವನು ಬಿಟ್ಟದ್ದು, ಸೇರಿಸಿದ್ದು, ಭಕ್ತಿಯಿಂದ ತಿದ್ದಿದ್ದು ಎಲ್ಲವೂ ಆ ಕ್ಷಣದಿಂದ ಮೂಲವೇ ಆಗಿಬಿಡುತ್ತಿತ್ತು. ಹದಿನೇಳನೆಯ ಶತಮಾನದಲ್ಲಿ ಕಾಶಿಯಲ್ಲಿ ನೆಲೆಸಿದ್ದ ನೀಲಕಂಠ ಚತುರ್ಧರನು ನಾನಾ ದೇಶಗಳ ಕೋಶಗಳನ್ನು ಕೂಡಿಹಾಕಿ, ತನಗೆ ಉತ್ತಮವೆಂದು ತೋರಿದ ಪಾಠಗಳನ್ನು ಆರಿಸಿ, ಭಾರತಕ್ಕೆ ಟೀಕೆಯನ್ನು ಬರೆದನು. ಪಾಂಡಿತ್ಯದಲ್ಲಿ ಅವನಿಗೆ ಕೊರತೆಯಿರಲಿಲ್ಲ. ಆದರೆ ಯಾವ ಪಾಠವು ಯಾವ ಕೋಶದಿಂದ ಬಂದಿತೆಂಬ ಲೆಕ್ಕವು ಅವನಲ್ಲಿ ಎಲ್ಲೆಡೆಯೂ ದೊರೆಯುವುದಿಲ್ಲವಾದುದರಿಂದ, ಅವನ ಆಯ್ಕೆಯನ್ನು ಒಪ್ಪದವನಿಗೆ ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿಹೋಯಿತು. ತಿದ್ದುವುದು ದೋಷವಲ್ಲ, ತಿದ್ದಿದ ಗುರುತನ್ನು ಅಳಿಸುವುದು ದೋಷ. ಸುಕ್ಥಣಕರರ ಪರಿಷ್ಕೃತ ಆವೃತ್ತಿಯು ನೀಲಕಂಠನಿಂದ ಭಿನ್ನವಾಗುವುದು ಮುಖ್ಯವಾಗಿ ಈ ಒಂದು ಅಂಶದಲ್ಲಿ.

1925ರಲ್ಲಿ ಪ್ರಧಾನ ಸಂಪಾದಕರಾದ ಸುಕ್ಥಣಕರರು ಕೇಂಬ್ರಿಜ್ಜಿನಲ್ಲಿ ಗಣಿತವನ್ನೂ ಬರ್ಲಿನ್ನಿನಲ್ಲಿ ಭಾಷಾಶಾಸ್ತ್ರವನ್ನೂ ಅಭ್ಯಸಿಸಿದ್ದವರು. ಅವರಿಗಿಂತ ಮುಂಚೆ ಶ್ರೀ ನಾ. ಬಾ. ಉಟಗೀಕರರು 1923ರಲ್ಲಿ ವಿರಾಟಪರ್ವದ ಒಂದು ಪ್ರಾಯೋಗಿಕ ಆವೃತ್ತಿಯನ್ನು ಹೊರತಂದಿದ್ದರು. (ಮಳೆ ಬಾರದ ವರುಷಗಳಲ್ಲಿ ವಿರಾಟಪರ್ವವನ್ನು ಓದಿಸುವ ಕನ್ನಡನಾಡಿನವರಿಗೆ ಈ ಆಯ್ಕೆ ಶುಭಶಕುನವೆಂದೇ ತೋರೀತು.) 1936ರಲ್ಲಿ ಡಾ. ರಘುವೀರರು ಅದೇ ಪರ್ವವನ್ನು ಮತ್ತೆ ಸಂಪಾದಿಸಿದರು. ಮೊದಲನೆಯ ಪ್ರಯತ್ನವು ಮುದ್ರಿತವಾಗಿಯೇ ಉಳಿದಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಲ್ಲಿ ಹದಿಮೂರು ವರುಷಗಳಲ್ಲಿ ಪದ್ಧತಿಯು ಎಷ್ಟು ಬಲಿತಿತೆಂಬುದು ವಿಶದವಾಗುವುದು.

ಆದಿಪರ್ವದ ಮೊದಲ ಸಂಚಿಕೆಯು 1927ರಲ್ಲಿ ಪ್ರಕಟವಾಗಿ, ಸಂಪೂರ್ಣ ಸಂಪುಟವು 1933ರಲ್ಲಿ ಮುಗಿಯಿತು. ಪುಟದ ಮೇಲ್ಭಾಗದಲ್ಲಿ ಸಂಪಾದಕರು ನಿರ್ಣಯಿಸಿದ ಪಾಠ, ಕೆಳಗೆ ಪ್ರತಿಪ್ರತಿಯ ಭೇದಗಳು. ಬಿಟ್ಟ ಶ್ಲೋಕಗಳೂ ಮಾಯವಾಗಲಿಲ್ಲ. ಸಣ್ಣವು ನಕ್ಷತ್ರಚಿಹ್ನೆಯ ಸಂಖ್ಯೆಯೊಡನೆ ಅಡಿಟಿಪ್ಪಣಿಗೂ, ದೊಡ್ಡವು ಸಂಪುಟದ ಕೊನೆಯ ಅನುಬಂಧಕ್ಕೂ ಸರಿದವು. ಗಣಪತಿಯು ವ್ಯಾಸರಿಗೆ ಲಿಪಿಕಾರನಾದ ಕಥೆ ಹೀಗೆ ಅನುಬಂಧವನ್ನು ಸೇರಿತು. ಅಮೆರಿಕದ ಫ್ರಾಂಕ್ಲಿನ್ ಎಡ್ಜರ್ಟನ್ನರು ಸಂಪಾದಿಸಿ 1944ರಲ್ಲಿ ಹೊರಬಂದ ಸಭಾಪರ್ವದಲ್ಲಿ, ವಸ್ತ್ರಾಪಹರಣದ ಸಂದರ್ಭದಲ್ಲಿ ದ್ರೌಪದಿಯು ಕೃಷ್ಣನಿಗೆ ಮೊರೆಯಿಡುವ ಭಾಗಕ್ಕೂ ಅದೇ ಗತಿಯಾಯಿತು. ಕುಮಾರವ್ಯಾಸನ ಆ ಸನ್ನಿವೇಶವನ್ನು ಗಮಕಿಗಳ ಬಾಯಿಂದ ಕೇಳಿ ಕಣ್ಣೀರಿಟ್ಟು ಬೆಳೆದವರಿಗೆ ಇದು ಸುಲಭವಾಗಿ ಒಪ್ಪುವ ಮಾತಲ್ಲ. ಒಪ್ಪಬೇಕೆಂಬ ನಿರ್ಬಂಧವೂ ಇಲ್ಲ. ಮೊರೆಯ ಶ್ಲೋಕಗಳು ಅದೇ ಪುಟದ ಕೆಳಗಿವೆ, ಯಾವ ಯಾವ ಪ್ರತಿಗಳು ಅವನ್ನು ಹೊತ್ತು ತಂದವೆಂಬ ಸಾಕ್ಷ್ಯದೊಡನೆ. ಸಂಪಾದಕರ ತೀರ್ಪನ್ನು ತಿರಸ್ಕರಿಸಲು ಬೇಕಾದ ಸಾಮಗ್ರಿಯನ್ನು ಸಂಪಾದಕರೇ ಓದುಗನ ಕೈಗಿತ್ತಿದ್ದಾರೆ.

ಈ ಔದಾರ್ಯದ ಫಲವು ಬೇಗನೆ ಕಂಡಿತು. ಆದಿಪರ್ವವು ಅಚ್ಚಾದ ಕೆಲವು ವರುಷಗಳ ಮೇಲೆ ನೇಪಾಳದ ರಾಜಗುರು ಹೇಮರಾಜ ಪಂಡಿತರಿಂದ ಆ ಪರ್ವದ ಅತಿಪ್ರಾಚೀನವಾದ ಒಂದು ತಾಳೆಯೋಲೆಯ ಪ್ರತಿಯ ಪಾಠಗಳು ದೊರೆತವು. ಸುಕ್ಥಣಕರರು ಅದನ್ನು ಪರೀಕ್ಷಿಸಿ, ತಾವು ಪ್ರಕ್ಷಿಪ್ತವೆಂದು ಹೊರಗಿಟ್ಟಿದ್ದ ಭಾಗಗಳಲ್ಲಿ ಬಹಳಷ್ಟು ಅದರಲ್ಲಿ ಇಲ್ಲವೆಂಬುದನ್ನು ಮಂದಿರದ ವಾರ್ಷಿಕ ಪತ್ರಿಕೆಯಲ್ಲಿ ತೋರಿಸಿದರು. ಭೇದಗಳ ಪಟ್ಟಿ ಮುದ್ರಿತವಾಗಿರದಿದ್ದರೆ ಇಂತಹ ಪರೀಕ್ಷೆಯನ್ನು ಇತರರು ತಾಳೆನೋಡುವುದೇ ಸಾಧ್ಯವಾಗುತ್ತಿರಲಿಲ್ಲ.

ಹಳೆಯ ಪಾಠವು ಯಾರೂ ಎಣಿಸದ ಎಡೆಯಲ್ಲಿ ಉಳಿದುಬರುವುದೂ ಉಂಟು. ಇದಕ್ಕೆ ಕನ್ನಡನಾಡಿನದೇ ಆದ ಒಂದು ನಿದರ್ಶನವಿದೆ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗೌರವಕ್ಕೆ ಪಾತ್ರನಾಗಿದ್ದ ಜಿನಸೇನಾಚಾರ್ಯನು ‘ಪಾರ್ಶ್ವಾಭ್ಯುದಯ’ವೆಂಬ ಸಂಸ್ಕೃತ ಕಾವ್ಯವನ್ನು ರಚಿಸಿದನು. ಅದರ ಒಂದೊಂದು ಪದ್ಯದಲ್ಲಿಯೂ ಕಾಳಿದಾಸನ ಮೇಘದೂತದ ಒಂದು ಅಥವಾ ಎರಡು ಪಾದಗಳು ಸಮಸ್ಯಾಪೂರಣದ ರೀತಿಯಲ್ಲಿ ಅಡಕವಾಗಿವೆ. ಆಚಾರ್ಯನ ಉದ್ದೇಶ ತೀರ್ಥಂಕರನ ಸ್ತುತಿ. ಆದರೆ ಅವನ ಕೃತಿಯಿಂದ ಆ ಪಾದಗಳನ್ನು ಒಂದೊಂದಾಗಿ ಬಿಡಿಸಿಕೊಂಡರೆ ಮಾನ್ಯಖೇಟದ ವಿದ್ವಾಂಸರು ಸುಮಾರು ಹನ್ನೊಂದು ನೂರು ವರುಷಗಳ ಹಿಂದೆ ಓದುತ್ತಿದ್ದ ಮೇಘದೂತವು ಇಡಿಯಾಗಿ ಕೈಸೇರುವುದು. ಈ ಬಿಡಿಸುವ ಕೆಲಸವನ್ನು ಮಾಡಿ 1894ರಲ್ಲಿ ಪುಣೆಯಿಂದ ಪ್ರಕಟಿಸಿದವರು ಕಾಶೀನಾಥ ಬಾಪೂಜಿ ಪಾಠಕರು, ಎಂದರೆ 1898ರಲ್ಲಿ ಕವಿರಾಜಮಾರ್ಗವನ್ನು ಮೊದಲ ಬಾರಿಗೆ ಅಚ್ಚಿನಲ್ಲಿ ಕನ್ನಡಿಗರ ಕೈಗಿತ್ತ ಪಾಠಕರೇ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು ಈ ಹೆಸರನ್ನು ಇನ್ನೂ ಹೆಚ್ಚಾಗಿ ನೆನೆಯಬೇಕಾಗಿದ್ದಿತು.

ಆದರೆ ಹಳೆಯದೆಲ್ಲ ಮೂಲವಲ್ಲ. ಜಿನಸೇನನಲ್ಲಿ ದೊರೆಯುವ ಮೇಘದೂತದಲ್ಲಿ 120 ಪದ್ಯಗಳಿವೆ. ಅವನಿಗಿಂತ ತರುವಾಯದವನಾದ ಕಾಶ್ಮೀರದ ವಲ್ಲಭದೇವನ ಟೀಕೆಯಲ್ಲಿ ಇರುವುದು 111. ಸಾಹಿತ್ಯ ಅಕಾಡೆಮಿಗಾಗಿ 1957ರಲ್ಲಿ ಮೇಘದೂತವನ್ನು ಪರಿಷ್ಕರಿಸಿದ ಡಾ. ಸುಶೀಲಕುಮಾರ ಡೇ ಅವರು, ಪುಣೆಯ ಭಾರತದ ಉದ್ಯೋಗಪರ್ವಕ್ಕೂ ಸಂಪಾದಕರಾಗಿದ್ದವರು, ವಲ್ಲಭದೇವನ ಸಂಖ್ಯೆಯನ್ನೇ ಹಿಡಿದರು. ಕಾಲದಲ್ಲಿ ಹಿಂದಿನ ಪ್ರತಿ ಒಂದು, ಶುದ್ಧಿಯಲ್ಲಿ ಹಿಂದಿನ ಪ್ರತಿ ಇನ್ನೊಂದು ಆಗಿರಬಹುದಾದ ಕಾರಣ ಎರಡನ್ನೂ ಇಟ್ಟುಕೊಳ್ಳದೆ ಗತ್ಯಂತರವಿಲ್ಲ. ದಿವಂಗತ ಡಿ. ಎಲ್. ನರಸಿಂಹಾಚಾರ್ಯರು 1964ರಲ್ಲಿ ಪ್ರಕಟವಾದ ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ಈ ಶಾಸ್ತ್ರವನ್ನು ಕನ್ನಡದ ಕೃತಿಗಳಿಗೆ ಅನ್ವಯಿಸಿ ವಿಸ್ತಾರವಾಗಿ ನಿರೂಪಿಸಿರುವುದರಿಂದ ಇಲ್ಲಿ ಅದನ್ನು ಬೆಳೆಸಬೇಕಾಗಿಲ್ಲ.

ಲಿಪಿಕಾರನ ಸ್ಥಾನಕ್ಕೆ ಗಣಕಯಂತ್ರವು ಬಂದ ಮೇಲೆ ಹಳೆಯ ಕಷ್ಟವೇ ಹೊಸ ವೇಷದಲ್ಲಿ ಕಾಣಿಸಿಕೊಂಡಿತು. ಯಂತ್ರದಲ್ಲಿ ಬರೆದ ಕಡತವನ್ನು ತಿದ್ದಿ ಅದೇ ಹೆಸರಿನಲ್ಲಿ ಉಳಿಸಿದೊಡನೆ ನಿನ್ನೆಯ ರೂಪವು ಅಳಿಯುತ್ತದೆ. ಓಲೆಯಾದರೂ ಹುಳು ತಿನ್ನಲು ನೂರು ವರುಷ ಬೇಕು. ಇಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಸಾಕು. ಇದಕ್ಕೆ ಪ್ರತೀಕಾರವಾಗಿ 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾರ್ಕ್ ರಾಖ್ಕಿಂಡ್ ಎಂಬವರು ಕಡತದ ಎಲ್ಲ ಪೂರ್ವರೂಪಗಳನ್ನೂ ಕಾಯ್ದಿರಿಸುವ ಒಂದು ವ್ಯವಸ್ಥೆಯನ್ನು ರಚಿಸಿದರು. ಹತ್ತು ವರುಷಗಳ ಮೇಲೆ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಷಿ ಅವರು ರೂಪಿಸಿದ ವ್ಯವಸ್ಥೆಯಲ್ಲಿ ತೀರ ಇತ್ತೀಚಿನ ರೂಪವನ್ನು ಮಾತ್ರ ಪೂರ್ತಿಯಾಗಿ ಇಟ್ಟುಕೊಂಡು, ಹಿಂದಿನವನ್ನು ವ್ಯತ್ಯಾಸಗಳ ಪಟ್ಟಿಯಾಗಿ ಉಳಿಸುವ ಉಪಾಯವಿದ್ದಿತು. ಮೇಲೆ ಒಂದು ಪೂರ್ಣಪಾಠ, ಕೆಳಗೆ ಭೇದಗಳು: ಪುಣೆಯ ಪುಟವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಇಬ್ಬರಿಗೂ ಒಂದೇ ಕಾರಣ ಇದ್ದಿತು. ಎಲ್ಲ ಪ್ರತಿಗಳನ್ನೂ ಪೂರ್ತಿಯಾಗಿ ಅಚ್ಚುಮಾಡಲು ಸ್ಥಳ ಸಾಲದು.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಯಂತ್ರವು ತಾನೇ ದಿನಾಂಕವನ್ನು ಬರೆದಿಟ್ಟುಕೊಂಡಿರುವುದರಿಂದ ಹಿಂದಿನ ರೂಪವನ್ನು ಅಕ್ಷರವೂ ತಪ್ಪದಂತೆ ಮರಳಿ ಕೊಡುವುದು. ಸುಕ್ಥಣಕರರು ಕೊಟ್ಟದ್ದು ಊಹೆಯಿಂದ ತಲುಪಿದ ಪಾಠ. ಲಭ್ಯವಾದ ಪ್ರತಿಗಳ ಬಲದಿಂದ ಹೋಗಬಹುದಾದಷ್ಟು ಹಿಂದಕ್ಕೆ ಹೋದದ್ದೇ ಹೊರತು ವ್ಯಾಸರ ಕೈಬರಹವಲ್ಲವೆಂದು ಅವರೇ ಎಚ್ಚರಿಸಿದ್ದಾರೆ. ಇನ್ನೊಂದು ಭೇದವೂ ಉಂಟು. ಇಂದು ಮನೆಮನೆಯಲ್ಲಿ ಬಳಕೆಯಲ್ಲಿರುವ ಬ್ಯಾಕಪ್ ತಂತ್ರಾಂಶಗಳಲ್ಲಿ ಕೆಲವು, ನಿದರ್ಶನಕ್ಕೆ ಆಪಲ್ ಸಂಸ್ಥೆಯು 2007ರಲ್ಲಿ ಹೊರತಂದ ‘ಟೈಮ್ ಮಷೀನ್’, ಕಳೆದ ಇಪ್ಪತ್ತನಾಲ್ಕು ಗಂಟೆಗಳಿಗೆ ಗಂಟೆಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ರೂಪವನ್ನು ಇಟ್ಟುಕೊಂಡು, ಡಿಸ್ಕು ತುಂಬಿದಾಗ ಎಲ್ಲಕ್ಕಿಂತ ಹಳೆಯದನ್ನು ಮೊದಲು ತೆಗೆದುಹಾಕುತ್ತವೆ. ಲೆಕ್ಕಪತ್ರಕ್ಕೆ ಇದು ಸರಿ. ಗ್ರಂಥಸಂಪಾದಕನು ಎಲ್ಲಕ್ಕಿಂತ ಕೊನೆಗೆ ಬಿಟ್ಟುಕೊಡುವುದು ಹಳೆಯದನ್ನು. ನಿಘಂಟು, ಶಾಸನಸಂಗ್ರಹ ಮೊದಲಾದ ದೀರ್ಘಕಾಲದ ಕಾರ್ಯಗಳಲ್ಲಿ ತೊಡಗಿದವರು ಯಂತ್ರದ ಈ ಸ್ವಭಾವವನ್ನು ತಿಳಿದಿರದಿದ್ದರೆ ಮೊದಲ ಕರಡೇ ಮೊದಲು ಹೋಗುವುದು.

ಎರಡು ಡಿಸ್ಕುಗಳನ್ನು ಸದಾ ಒಂದೇ ರೂಪದಲ್ಲಿಡುವುದನ್ನೇ ರಕ್ಷಣೆಯೆಂದು ಭಾವಿಸುವವರೂ ಉಂಟು. ಕನ್ನಡಿಯು ಮುಖದ ಕಲೆಯನ್ನೂ ತೋರಿಸುವಂತೆ, ಅಂತಹ ಪ್ರತಿಯು ಮೂಲದಲ್ಲಿ ನಡೆದ ಪ್ರಮಾದವನ್ನೂ ಅಳಿವನ್ನೂ ಆ ಕ್ಷಣವೇ ತನ್ನದಾಗಿಸಿಕೊಳ್ಳುವುದು. ಪೂರ್ವರೂಪಗಳು ಬೇರೆ ಬೇರೆಯಾಗಿ ಉಳಿದಿದ್ದರೆ ಮಾತ್ರ ಅದು ಪ್ರಯೋಜನಕಾರಿ.

ಬೇರೆ ಬೇರೆ ಎಂಬುದು ಸ್ಥಳಕ್ಕೂ ಅನ್ವಯಿಸುವ ಮಾತು. ಬ್ಯೂಲರ್, ಕೀಲ್‌ಹಾರ್ನ್, ಭಾಂಡಾರಕರ ಮೊದಲಾದವರು 1866ರಿಂದ ಮುಂಬಯಿ ಸರಕಾರಕ್ಕಾಗಿ ಸಂಗ್ರಹಿಸಿದ ಹಸ್ತಪ್ರತಿಗಳು ಡೆಕ್ಕನ್ ಕಾಲೇಜಿನಲ್ಲಿದ್ದು, 1918ರಲ್ಲಿ ಭಾಂಡಾರಕರ ಮಂದಿರಕ್ಕೆ ಬಂದವು; ಇಂದು ಅಲ್ಲಿರುವ ಒಟ್ಟು ಹಸ್ತಪ್ರತಿಗಳು 28,000ಕ್ಕೂ ಮಿಗಿಲು. 2004ರ ಜನವರಿ 5ರಂದು, ಶಿವಾಜಿ ಮಹಾರಾಜರನ್ನು ಕುರಿತು ಜೇಮ್ಸ್ ಲೇನ್ ಎಂಬ ಅಮೆರಿಕನ್ ವಿದ್ವಾಂಸನು ಬರೆದ ಗ್ರಂಥದ ನಿಮಿತ್ತವಾಗಿ ಸಂಭಾಜಿ ಬ್ರಿಗೇಡಿನ ನೂರಕ್ಕೂ ಹೆಚ್ಚು ಮಂದಿ ಮಂದಿರಕ್ಕೆ ನುಗ್ಗಿ, ಕಪಾಟುಗಳನ್ನು ಉರುಳಿಸಿ, ಗ್ರಂಥಗಳನ್ನೂ ಹಸ್ತಪ್ರತಿಗಳನ್ನೂ ಹಾಳುಗೆಡವಿದರು. ಆ ಗ್ರಂಥವನ್ನು ಬರೆದದ್ದೂ ಪ್ರಕಟಿಸಿದ್ದೂ ಮಂದಿರವಲ್ಲ. ಲೇಖಕನು ಅಲ್ಲಿ ಅಧ್ಯಯನ ಮಾಡಿ ಕೃತಜ್ಞತೆಯನ್ನು ಸೂಚಿಸಿದ್ದನು, ಅಷ್ಟೆ. ಎಂಟು ಶತಮಾನಗಳ ಗೆದ್ದಲನ್ನು ತಪ್ಪಿಸಿಕೊಂಡು ಬಂದ ಪ್ರತಿಯು ಒಂದು ಹಗಲಿನ ರೋಷಕ್ಕೆ ಗುರಿಯಾಗಬಹುದೆಂಬುದನ್ನು ಪುಣೆಯು ಅಂದು ಕಂಡಿತು. ಅಲ್ಲಿಯ ಋಗ್ವೇದದ 30 ಹಸ್ತಪ್ರತಿಗಳನ್ನು 2007ರಲ್ಲಿ ಯುನೆಸ್ಕೋ ಸಂಸ್ಥೆಯು ಲೋಕದ ಸ್ಮೃತಿಯ ಪಟ್ಟಿಯಲ್ಲಿ ಸೇರಿಸಿತು. ಗೌರವವು ಉಚಿತವೇ, ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಭೂರ್ಜಪತ್ರಕ್ಕೆ ಎರಡನೆಯ ಪ್ರತಿ ಹುಟ್ಟುವುದಿಲ್ಲ.

ಮಹಾಭಾರತದ ಪರಿಷ್ಕೃತ ಪಾಠವಾದರೋ ಆ ವೇಳೆಗಾಗಲೇ ಒಂದು ಕಟ್ಟಡದ ಸೊತ್ತಾಗಿ ಉಳಿದಿರಲಿಲ್ಲ. ಮುದ್ರಿತ ಸಂಪುಟಗಳು ದೇಶವಿದೇಶಗಳ ಗ್ರಂಥಭಂಡಾರಗಳಲ್ಲಿದ್ದವು. ಅಲ್ಲದೆ ಜಪಾನಿನ ಕ್ಯೋಟೋದ ಪ್ರೊ. ಮುನೇಓ ತೊಕುನಾಗ ಅವರು ಇಡೀ ಪಾಠವನ್ನು ಗಣಕಕ್ಕೆ ಊಡಿದ್ದರು, ಕೇಂಬ್ರಿಜ್ಜಿನ ಡಾ. ಜಾನ್ ಸ್ಮಿತ್ ಅವರು ಅದನ್ನು ತಿದ್ದಿ ಸಿದ್ಧಪಡಿಸಿದ ರೂಪವು 1999ರಲ್ಲಿ ಮಂದಿರದ ಹೆಸರಿನಲ್ಲಿಯೇ ಬಂದಿತು. ಹೀಗೆ ಪುಣೆಯಲ್ಲಿ ಸಿದ್ಧವಾದದ್ದು ಕ್ಯೋಟೋದಲ್ಲಿಯೂ ಕೇಂಬ್ರಿಜ್ಜಿನಲ್ಲಿಯೂ ಉಳಿದಿದ್ದಿತು. ಹಸ್ತಪ್ರತಿಗಳಿಗೆ ಈ ಭಾಗ್ಯವಿರಲಿಲ್ಲ.

ಪ್ರತಿಯು ಉಳಿದರೂ ಓದು ಉಳಿಯದಿರುವ ಅಪಾಯವೊಂದಿದೆ. ಮೋಡಿ ಲಿಪಿಯ ಪೇಶ್ವೆ ದಫ್ತರವಿರುವ ಊರಿನಲ್ಲಿ ಇದನ್ನು ವಿವರಿಸಬೇಕಾಗಿಲ್ಲ. 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಲಿಪಿಗಳನ್ನು ಗಣಕಕ್ಕೆ ತರುವಲ್ಲಿ ಅಗ್ರಗಣ್ಯವಾಗಿದ್ದಿತು. ಇಸ್ಕಿ ಎಂಬ ಸಂಕೇತಕ್ರಮವು 1991ರಲ್ಲಿ ರಾಷ್ಟ್ರೀಯ ಪ್ರಮಾಣವಾಯಿತು; ಯುನಿಕೋಡಿನ ಕನ್ನಡ ವಿಭಾಗದ ಅಕ್ಷರಕ್ರಮವೂ ಅದರ 1988ರ ರೂಪವನ್ನೇ ಅನುಸರಿಸಿರುವುದರಿಂದ ಇಸ್ಕಿಯ ಕಡತವನ್ನು ಇಂದಿಗೂ ಪರಿವರ್ತಿಸಿಕೊಳ್ಳಬಹುದು. ಆದರೆ ತೊಂಬತ್ತರ ದಶಕದಲ್ಲಿ ಅಚ್ಚಿಗಾಗಿ ಬೆರಳಚ್ಚಿಸಿದ ಕನ್ನಡದ ಅಪಾರ ಸಾಮಗ್ರಿಯು ಒಂದೊಂದು ಫಾಂಟಿಗೂ ಪ್ರತ್ಯೇಕವಾದ ಸಂಕೇತದಲ್ಲಿದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಪರದೆಯ ಮೇಲೆ ಬರುವುದು ರೋಮನ್ ಅಕ್ಷರಗಳ ಅರ್ಥವಿಲ್ಲದ ಸಾಲು. ಆದುದರಿಂದ ಹಳೆಯ ಸಂಚಿಕೆಗಳ ಕಡತಗಳನ್ನು ಕಾಯ್ದಿರಿಸುವ ಸಂಘಗಳು ಕಡತದೊಡನೆ ಫಾಂಟನ್ನೂ, ಅದರ ಯಾವ ಸಂಕೇತವು ಯಾವ ಅಕ್ಷರವೆಂಬ ಪಟ್ಟಿಯನ್ನೂ ಕಾಗದದ ಮೇಲೆ ಅಚ್ಚುಮಾಡಿ ಇಡಬೇಕಾಗುವುದು. ಪುಣೆಯ ಮಹಾಭಾರತದ ಸಂಪುಟಗಳಲ್ಲಿ ಪಾಠಕ್ಕಿಂತ ಮುಂಚೆ ಅಂತಹ ಪಟ್ಟಿ ಬರುತ್ತದೆ: ಯಾವ ಅಕ್ಷರವು ಯಾವ ಲಿಪಿಯ, ಯಾವ ಊರಿನ, ಯಾವ ಭಂಡಾರದ ಪ್ರತಿಯನ್ನು ಸೂಚಿಸುವುದೆಂಬ ವಿವರ.