ತಂದೆಯವರ ಗಣಿದೀಪ

ಪ್ರತಾಪ ನಗರದ ನಮ್ಮ ಮನೆಯಲ್ಲಿ, ತಂದೆಯವರು ಕೋಲಾರದ ಚಿನ್ನದ ಗಣಿಯಿಂದ ತಂದ ಕ್ಯಾಪ್ ಲ್ಯಾಂಪೊಂದಿದೆ. ಅದಕ್ಕೆ ಎಲ್‌ಇಡಿ ಹಾಕುತ್ತೇನೆಂದ ಮಗನಿಗೆ ನಾನು ಹೇಳಿದ್ದು ಒಂದೇ: ತಂದೆಯವರ ನಂಬರು ಕೆತ್ತಿದ ಕವಚವನ್ನು ಕೊರೆಯಬಾರದು.

ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಆ ಗಣಿಗಳನ್ನು ತಲುಪಿತ್ತು. ಆದರೂ ಸುರಂಗದ ತುದಿಯಲ್ಲಿ ಕೆಲಸಗಾರನಿಗೆ ತಾನು ಹೊತ್ತೊಯ್ದ ಬೆಳಕೇ ಗತಿ. ಜಗತ್ತಿನ ಗಣಿಗಳಲ್ಲಿ ಮೊದಲು ಮೇಣದ ಬತ್ತಿ, ತರುವಾಯ ಕಾರ್ಬೈಡ್ ದೀಪ; 1914ರ ಸುಮಾರಿಗೆ ಎಡಿಸನ್ನನ ಬ್ಯಾಟರಿ ದೀಪ ಬಂತು. ಸೊಂಟದಲ್ಲಿ ಬ್ಯಾಟರಿ, ಟೋಪಿಯಲ್ಲಿ ಬಲ್ಬು.

ಬಲ್ಬಿಗೆ ಬ್ಯಾಟರಿಯ ನೇರ ಸಂಪರ್ಕ ಸಾಕಿತ್ತು. ಎಲ್‌ಇಡಿಗೆ ಹಾಗಲ್ಲ, ವೋಲ್ಟೇಜು ತುಸು ಏರಿದರೂ ಕರೆಂಟು ಮಿತಿಮೀರಿ ಅದು ಸುಟ್ಟುಹೋಗುತ್ತದೆ. ಅದಕ್ಕೆ ಹಾಕುವ ಕಡಿವಾಣವೇ ಡ್ರೈವರ್. ಲಿಥಿಯಂ ಸೆಲ್ಲು ತುಂಬಿದಾಗ 4.2 ವೋಲ್ಟು, ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು 3. ಅಂತರ ಅಲ್ಪವಾದುದರಿಂದ ತಂತಿಸುರುಳಿಯಿಲ್ಲದ ಲೀನಿಯರ್ ಡ್ರೈವರೇ ಸಾಕು. 350 ಮಿಲಿಆಂಪಿಯರಿನ 7135 ಚಿಪ್ಪಿನಲ್ಲಿ ಶಾಖವಾಗಿ ಪೋಲಾಗುವುದು ಅರ್ಧ ವ್ಯಾಟಿಗಿಂತ ಕಡಿಮೆ. ಎರಡು ಸೆಲ್ಲು ಸಾಲಾಗಿ ಜೋಡಿಸಿದ್ದರೆ ಮಾತ್ರ ಸುರುಳಿಯುಳ್ಳ ಬಕ್ ಡ್ರೈವರು ಲೇಸು. ಅದಕ್ಕೆ ಜಾಗವೂ ಹೆಚ್ಚು ಬೇಕು.

ಮಗ ಒಂದೇ ಸೆಲ್ಲು, ಚಿಕ್ಕ ಚಿಪ್ಪನ್ನೇ ಆರಿಸಿದ. ಗಣಿ 2001ರಲ್ಲಿ ಮುಚ್ಚಿತು. ದೀಪ ಮಾತ್ರ ಮತ್ತೆ ಹೊತ್ತಿದೆ. ಕವಚದ ಮೇಲೆ ನಂಬರು ಹಾಗೆಯೇ ಇದೆ.